ಗುಡ್ಡ ಏಕೆ ಜರಿಯಿತು? ಉತ್ತರ ಹೇಳುವ ಪುಸ್ತಕ ಮುಟ್ಟಳ್ಳಿಯ ಮಕ್ಕಳನ್ನು ತಲುಪುವ ಬಗೆ

ಭಟ್ಕಳ: 2022ರ ಆಗಸ್ಟ್ 2ರಂದು ಭಟ್ಕಳ ಪಟ್ಟಣಕ್ಕೆ ಹೊಂದಿಕೊಂಡಿರುವ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆಯೊಂದರ ಮೇಲೆ ಬಿದ್ದಿತು. ಒಂದೇ ಕುಟುಂಬದ ನಾಲ್ವರು ಮಣ್ಣಿನಡಿ ಸಿಲುಕಿ ಅಸುನೀಗಿದರು. ತಾಲ್ಲೂಕಿನಲ್ಲಿ ಆ ಒಂದು ದಿನದ ಅವಧಿಯಲ್ಲಿ 500 ಮಿಲಿಮೀಟರಿಗೂ ಅಧಿಕ ಮಳೆ ದಾಖಲಾಗಿತ್ತು. ಪಟ್ಟಣದ ಅಂಗಡಿಗಳಿಗೆ ನೀರು ನುಗ್ಗಿತು, ಹೆದ್ದಾರಿ ಹೊಳೆಯಾಯಿತು. ಪರಿಹಾರ, ಸಮೀಕ್ಷೆ, ಗಣ್ಯರ ಭೇಟಿ ಎಲ್ಲವೂ ವಾಡಿಕೆಯಂತೆ ನಡೆದವು.

ಶಾಲೆ ಮತ್ತೆ ತೆರೆದಾಗ ಆ ಊರಿನ ಮಗುವೊಂದು ಸಹಜವಾಗಿ ಕೇಳಬಹುದಾದ ಪ್ರಶ್ನೆ ಮಾತ್ರ ಯಾವ ಕಡತದಲ್ಲಿಯೂ ಸೇರಲಿಲ್ಲ. ಇಷ್ಟು ವರ್ಷ ನಿಂತಿದ್ದ ಗುಡ್ಡ ಅಂದೇ ಏಕೆ ಜರಿಯಿತು? ನಮ್ಮ ಮನೆಯ ಹಿಂದಿನ ಧರೆಯೂ ಹಾಗೆಯೇ ಬೀಳುವುದೇ? ಹಿರಿಯರಲ್ಲಿ ಕೆಲವರು ದೈವೇಚ್ಛೆ ಎಂದಾರು, ಕೆಲವರು ಗುತ್ತಿಗೆದಾರನನ್ನು ಬೈದಾರು. ಪಠ್ಯಪುಸ್ತಕದಲ್ಲಿ ಭೂಕುಸಿತಕ್ಕೆ ದೊರೆಯುವ ಜಾಗ ಪರೀಕ್ಷೆಯ ಅಂಕಗಳಿಗೆ ಸಾಕಾಗುವಷ್ಟು ಮಾತ್ರ. ಉಳಿಯುವುದು ಊರಿನ ಗ್ರಂಥಾಲಯ. ಅಲ್ಲಿ ಹತ್ತು ವರ್ಷದ ಮಗು ತಾನೇ ಎತ್ತಿಕೊಂಡು ಓದಬಲ್ಲ, ಕನ್ನಡದಲ್ಲಿರುವ, ಇತ್ತೀಚಿನ ಮಾಹಿತಿಯುಳ್ಳ, ಚಿತ್ರಸಹಿತವಾದ ಒಂದು ಪುಸ್ತಕ ಇರಬೇಕು. ಇಂತಹ ಪುಸ್ತಕ ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಅಚ್ಚಾದ ಮೇಲೆ ಮುಟ್ಟಳ್ಳಿಯಂತಹ ಗ್ರಾಮ ಪಂಚಾಯಿತಿಯ ಕಪಾಟಿಗೆ ಬರುವುದು ಹೇಗೆ, ಬಾರದಿದ್ದರೆ ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯಬೇಕಾದ ವಿಷಯ.

ಕತೆಯಲ್ಲದ ಪುಸ್ತಕ ಎಂದರೆ

ಮಕ್ಕಳ ಸಾಹಿತ್ಯವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಶಿಶುಗೀತೆ, ಪಂಚತಂತ್ರ, ರಾಜಕುಮಾರಿ ಮತ್ತು ರಾಕ್ಷಸ. ಕತೆಯೂ ಅಲ್ಲದ, ಪಾಠವೂ ಅಲ್ಲದ ಇನ್ನೊಂದು ಬಗೆಯಿದೆ. ಹುಳು, ನಕ್ಷತ್ರ, ಸೇತುವೆ, ಹೊಟ್ಟೆಯೊಳಗಿನ ಕರುಳು, ಊರಿನ ಕೋಟೆ ಇವುಗಳ ಬಗ್ಗೆ ನಿಜವಾದದ್ದನ್ನು ಹೇಳುವ ಪುಸ್ತಕಗಳವು. ಗ್ರಂಥಾಲಯದವರು ಇವನ್ನು ಕಥೇತರ ಎನ್ನುತ್ತಾರೆ. ಪಾಠಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸರಳ. ಪಾಠ ಉತ್ತರದಿಂದ ಆರಂಭವಾಗುತ್ತದೆ. ಒಳ್ಳೆಯ ಕಥೇತರ ಪುಸ್ತಕ ಮಗುವಿನ ಪ್ರಶ್ನೆಯಿಂದ ಆರಂಭವಾಗುತ್ತದೆ.

ಗುಡ್ಡ ಜರಿಯುವುದನ್ನೇ ತೆಗೆದುಕೊಳ್ಳಬಹುದು. 500 ಮಿಲಿಮೀಟರ್ ಮಳೆ ಎಂದರೆ ಹರಿದುಹೋಗದೆ, ಇಂಗದೆ ನಿಂತರೆ ನೆಲದ ಮೇಲೆ ಅರ್ಧ ಮೀಟರ್ ನೀರು, ಅಂದರೆ ಹತ್ತು ವರ್ಷದ ಮಗುವಿನ ಮೊಣಕಾಲಿಗಿಂತ ಮೇಲೆ. ಒಂದು ಗುಂಟೆ ಜಾಗದ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 50 ಸಾವಿರ ಲೀಟರ್. ಬೇಸಿಗೆಯಲ್ಲಿ ಊರಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹತ್ತು. ಇಷ್ಟು ಹೇಳಿದರೆ ಮಗುವಿಗೆ ಮಳೆಯ ಅಂಕಿ ಕಣ್ಣಿಗೆ ಕಟ್ಟುತ್ತದೆ.

ಇನ್ನು ನೆಲದ ಸಂಗತಿ. ಕರಾವಳಿಯ ಗುಡ್ಡಗಳಲ್ಲಿ ಬಹಳಷ್ಟರ ಮೇಲ್ಭಾಗ ಚಿರೆಕಲ್ಲು. ಮನೆ ಕಟ್ಟಲು ಕಡಿದು ತೆಗೆಯುವ, ತೂತು ತೂತಾದ ಅದೇ ಕೆಂಪು ಕಲ್ಲು. 1801ರಲ್ಲಿ ಕೆನರಾ ಪ್ರಾಂತದಲ್ಲಿ ಸಂಚರಿಸಿ ಭಟ್ಕಳದ ಮೂಲಕವೂ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಇಟ್ಟಿಗೆಯಂತೆ ಕಡಿಯಬಹುದಾದ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು 1807ರಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬುದರಿಂದ ಬಂದ ಹೆಸರದು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲರೂ ಬಳಸುವ ಪದ ನಮ್ಮ ಕರಾವಳಿಯ ಸಾಲಿನ ಕಲ್ಲಿನಿಂದ ಹುಟ್ಟಿದ್ದು ಎಂಬುದು ಇಲ್ಲಿನ ಎಷ್ಟು ಮಕ್ಕಳಿಗೆ ಗೊತ್ತಿದ್ದೀತು?

ಚಿರೆಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಅನೇಕ ಕಡೆ ಶೇಡಿ ಮಣ್ಣಿನ ಪದರವಿದೆ. ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಈ ನುಣುಪು ಮಣ್ಣು ಒಣಗಿದಾಗ ಗಟ್ಟಿ, ನೆನೆದಾಗ ಬಲಹೀನ. ಮೇಲಿನಿಂದ ಇಳಿದ ನೀರು ಅಲ್ಲಿ ತಡೆದು ನಿಲ್ಲುತ್ತದೆ. ನಿಂತ ನೀರು ಮಣ್ಣಿನ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಅಷ್ಟರಲ್ಲಿ ಮೇಲಿನ ಭಾಗ ನೀರು ಕುಡಿದು ಭಾರವಾಗಿರುತ್ತದೆ. ಗುಡ್ಡದ ಬುಡವನ್ನು ಮನೆಗೋ ರಸ್ತೆಗೋ ನೆಟ್ಟಗೆ ಕಡಿದಿದ್ದರೆ ತಡೆಯುವ ಆಧಾರವೂ ಇರುವುದಿಲ್ಲ. ಜಾರುವುದು ಆಗ.

ಜಾರುವ ಮುನ್ನ ಗುಡ್ಡ ಹಲವು ಬಾರಿ ಸೂಚನೆ ಕೊಡುತ್ತದೆ. ಧರೆಯ ನೆತ್ತಿಯಲ್ಲಿ ಹೊಸ ಬಿರುಕು, ಓರೆಯಾದ ಮರ ಅಥವಾ ವಿದ್ಯುತ್ ಕಂಬ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾಗುವುದು, ಹಿಂದೆ ನೀರು ಬಾರದ ಕಡೆ ಜಿನುಗುವುದು, ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು. ಇವನ್ನು ಮೊದಲು ಗಮನಿಸುವವರು ಬಹುಮಟ್ಟಿಗೆ ಗುಡ್ಡದಲ್ಲಿ ಆಡುವ ಮಕ್ಕಳೇ. ಕಂಡದ್ದು ಸೂಚನೆಯೆಂದು ಅವರಿಗೆ ತಿಳಿದಿದ್ದರೆ ಅವರು ಮನೆಯವರಿಗೆ ಹೇಳಿಯಾರು. ಮಕ್ಕಳ ಮಾಹಿತಿ ಪುಸ್ತಕವೆಂದರೆ ರಜೆಯ ಹೊತ್ತು ಕಳೆಯುವ ಸಾಧನವೆಂದು ತಿಳಿದವರು ಇದನ್ನು ಗಮನಿಸುವುದೊಳಿತು. ಉತ್ತರ ಕನ್ನಡದಲ್ಲಿ ಇದು ಒಂದು ದಿನದ ಕತೆಯಲ್ಲ: 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2022ರಲ್ಲಿ ಮುಟ್ಟಳ್ಳಿ, 2024ರ ಜುಲೈ 16ರಂದು ಅಂಕೋಲಾದ ಶಿರೂರು.

ಮೇಲೆ ಹೇಳಿದ್ದು ಸಚಿತ್ರವಾಗಿ ಮೂವತ್ತೆರಡು ಪುಟದ ಪುಸ್ತಕಕ್ಕೆ ಆಗುವಷ್ಟು ಸರಕು. ಅದನ್ನು ಬರೆಯಬಲ್ಲ ಭಾಷೆ ಕನ್ನಡಕ್ಕೆ ಇದೆ.

ಬಡತನದ ಪರಂಪರೆಯಲ್ಲ

ಹೀಗೆ ಹೇಳಲು ಆಧಾರವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದದ್ದು 1918ರಲ್ಲಿ. ಭಟ್ಕಳದಿಂದ ದಕ್ಷಿಣಕ್ಕೆ ಕೆಲವೇ ತಾಸಿನ ದಾರಿಯಲ್ಲಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರ ಹೊತ್ತಿಗೆ ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ರಚಿಸಿದರು. ಆಗ ಅವರ ವಯಸ್ಸು 34. ವಿಶ್ವಕೋಶವೆಂದರೆ ಸಂಪಾದಕ ಮಂಡಳಿ, ಅನುದಾನ, ಕಚೇರಿ ಎಂದು ಭಾವಿಸುವ ಕಾಲದಲ್ಲಿ ನಿಂತು ನೋಡಿದರೆ ಒಬ್ಬನೇ ವ್ಯಕ್ತಿ ಆ ಕೆಲಸಕ್ಕೆ ಕೈಹಾಕಿದ್ದು ಬೆರಗು ಹುಟ್ಟಿಸುತ್ತದೆ. ಅಷ್ಟಕ್ಕೇ ನಿಲ್ಲಿಸದೆ ಅವರು 1959ರಿಂದ 1964ರ ಅವಧಿಯಲ್ಲಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ನೀಡಿದರು.

1970ರ ದಶಕ ಈ ಸಾಹಿತ್ಯದ ಸುಗ್ಗಿಯ ಕಾಲ. ನಿರಂಜನ ಅವರ ಪ್ರಧಾನ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶವಾದ 'ಜ್ಞಾನಗಂಗೋತ್ರಿ'ಯ ಏಳು ಸಂಪುಟಗಳು ಬಂದವು. ಎಲ್.ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದ 'ಭಾರತ-ಭಾರತಿ' ಮಾಲಿಕೆಯಲ್ಲಿ 500ಕ್ಕೂ ಹೆಚ್ಚು ಕಿರುಹೊತ್ತಗೆಗಳು ಪ್ರಕಟವಾದವು. ಅಂಗಿಯ ಕಿಸೆಯಲ್ಲಿ ಹಿಡಿಸುವ ಆ ಜೀವನಚರಿತ್ರೆಗಳನ್ನು ಓದದ ಆ ಪೀಳಿಗೆಯ ಕನ್ನಡಿಗ ವಿರಳ. 1978ರಲ್ಲಿ ಆರಂಭವಾದ 'ಬಾಲ ವಿಜ್ಞಾನ' ಮಾಸಪತ್ರಿಕೆಯನ್ನು ಜೆ.ಆರ್. ಲಕ್ಷ್ಮಣರಾವ್ ಅವರಂತಹವರು ಬೆಳೆಸಿದರು. ಮುಂದೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂದಿತು. ನ್ಯಾಷನಲ್ ಬುಕ್ ಟ್ರಸ್ಟ್ 1969ರಲ್ಲಿ ತೊಡಗಿದ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಕನ್ನಡದಲ್ಲಿಯೂ ದೊರೆತವು. ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ದೇಶದಿಂದ ಬಂದ, ನುಣುಪು ಕಾಗದದ ಅಗ್ಗದ ಪುಸ್ತಕಗಳೂ ಇದ್ದವು. 1991ರಲ್ಲಿ ಆ ದೇಶವೇ ಇಲ್ಲವಾಯಿತು. ಪುಸ್ತಕಗಳ ಹೊಳೆಯೂ ಬತ್ತಿತು.

ಆದರೆ ಕಥೇತರ ಪುಸ್ತಕಕ್ಕೆ ಕತೆಗಿಲ್ಲದ ಒಂದು ಕಾಯಿಲೆಯಿದೆ. ಅದಕ್ಕೆ ವಯಸ್ಸಾಗುತ್ತದೆ. ಪಂಚತಂತ್ರ ಎರಡು ಸಾವಿರ ವರ್ಷವಾದರೂ ಹಳಸುವುದಿಲ್ಲ. ಸೌರವ್ಯೂಹದ ಪುಸ್ತಕ 2006ರ ಆಗಸ್ಟ್ 24ರಂದು, ಪ್ರಾಗ್ ನಗರದಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಕೈಬಿಟ್ಟ ಒಂದೇ ದಿನದಲ್ಲಿ ಹಳಸಿತು. ಒಂಬತ್ತು ಗ್ರಹಗಳೆಂದು ಹೇಳುವ ಪುಸ್ತಕ ಇಂದಿಗೂ ಯಾವ ಕಪಾಟಿನಲ್ಲಿ ಇದೆಯೋ ಅಲ್ಲಿ ಮಗು ತಪ್ಪನ್ನೇ ಕಲಿಯುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದುದು, 2021ರಲ್ಲಿ ವಿಜಯನಗರ ರಾಜ್ಯದ 31ನೆಯ ಜಿಲ್ಲೆಯಾದುದು, 2024ರ ಆರಂಭದಲ್ಲಿ ಕುಮಟಾದ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದುದು ಹಳೆಯ ಸಂಪುಟಗಳಲ್ಲಿ ಇರಲು ಸಾಧ್ಯವಿಲ್ಲ. ಗ್ರಂಥಾಲಯವೊಂದು ಮಕ್ಕಳ ಕತೆಪುಸ್ತಕಗಳನ್ನು ಒಮ್ಮೆ ಕೊಂಡು ಇಪ್ಪತ್ತು ವರ್ಷ ಇಡಬಹುದು. ಮಾಹಿತಿ ಪುಸ್ತಕಗಳನ್ನು ಸದಾ ಹೊಸದಾಗಿ ಕೊಳ್ಳುತ್ತಲೇ ಇರಬೇಕು. ಇಡೀ ಸಮಸ್ಯೆ ಇರುವುದು ಈ ಕೊಳ್ಳುವಿಕೆಯಲ್ಲಿ.

ಮನೆ ತೆರಿಗೆಯ ಚೀಟಿಯಲ್ಲಿರುವ ಆರು ರೂಪಾಯಿ

ಗ್ರಾಮ ಪಂಚಾಯಿತಿಗೆ ಮನೆ ತೆರಿಗೆ ಕಟ್ಟಿದವರು ರಸೀದಿಯನ್ನು ಒಮ್ಮೆ ತಿರುಗಿಸಿ ನೋಡಬಹುದು. ಶಿಕ್ಷಣ, ಆರೋಗ್ಯ ಮುಂತಾದ ಉಪಕರಗಳ ಸಾಲಿನಲ್ಲಿ ಗ್ರಂಥಾಲಯ ಉಪಕರ ಎಂಬುದೂ ಇರುತ್ತದೆ. ಅದು ತೆರಿಗೆಯ ಶೇ 6. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಗ್ರಂಥಾಲಯದ ಬಾಗಿಲನ್ನೇ ನೋಡದವರೂ ಇದನ್ನು ಕಟ್ಟುತ್ತಾರೆ. ನಗರವಾಸಿಗಳೂ ತಮ್ಮ ಆಸ್ತಿ ತೆರಿಗೆಯೊಂದಿಗೆ ಇದನ್ನು ಕಟ್ಟುತ್ತಾರೆ.

ಈ ಉಪಕರದ ಮೂಲ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಆಗ ಅದು ಮೈಸೂರು ರಾಜ್ಯದ ಕಾಯಿದೆ. ದೇಶದಲ್ಲಿ ಗ್ರಂಥಾಲಯಕ್ಕೆಂದೇ ಶಾಸನ ಮಾಡುವ ಪರಿಪಾಠ 1948ರಲ್ಲಿ ಮದರಾಸಿನಿಂದ ಆರಂಭವಾಯಿತು. ಅದರ ಹಿಂದಿದ್ದವರು ಎಸ್.ಆರ್. ರಂಗನಾಥನ್. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಅರ್ಥದ ಸೂತ್ರಗಳನ್ನು 1931ರಲ್ಲಿಯೇ ಗ್ರಂಥವಾಗಿ ಪ್ರಕಟಿಸಿದ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಕಾಯಿದೆಯ ಉದ್ದೇಶ ಸ್ಪಷ್ಟವಾಗಿತ್ತು: ಗ್ರಂಥಾಲಯ ಸರಕಾರದ ವಾರ್ಷಿಕ ಕೃಪೆಯ ಮೇಲೆ ನಿಲ್ಲದೆ ಜನರ ಸ್ವಂತ ಹಣದ ಮೇಲೆ ನಿಲ್ಲಬೇಕು.

ಹಣ ಪುಸ್ತಕವಾಗುವ ದಾರಿ ಮಾತ್ರ ಅಷ್ಟು ನೇರವಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯಾ ವರ್ಷ ಪ್ರಥಮ ಮುದ್ರಣವಾಗಿ ಬಂದ ಪುಸ್ತಕಗಳನ್ನು ಆಹ್ವಾನಿಸುತ್ತದೆ. ಆಯ್ಕೆ ಸಮಿತಿ ಪಟ್ಟಿ ಮಾಡುತ್ತದೆ. ಆಯ್ಕೆಯಾದ ಪುಸ್ತಕದ ಸಾಮಾನ್ಯವಾಗಿ 300 ಪ್ರತಿಗಳನ್ನು ಸಗಟಾಗಿ ಕೊಳ್ಳಲಾಗುತ್ತದೆ. ಕನ್ನಡ ಪ್ರಕಾಶನ ಉದ್ಯಮದ ಬಹುಭಾಗ ಉಸಿರಾಡುವುದೇ ಈ ಸಗಟು ಖರೀದಿಯಿಂದ ಎಂದರೆ ಅತಿಶಯೋಕ್ತಿಯಲ್ಲ. ಒಂದು ವರ್ಷ ಪ್ರಕಟವಾದ ಪುಸ್ತಕದ ಖರೀದಿ ಎರಡು-ಮೂರು ವರ್ಷ ಕಳೆದು ನಡೆದ ನಿದರ್ಶನಗಳಿವೆ. ಪ್ರಕಾಶಕರೂ ಲೇಖಕರೂ ಈ ವಿಳಂಬದ ಬಗ್ಗೆ ಪದೇ ಪದೇ ದನಿಯೆತ್ತಿದ್ದಾರೆ. ಕಾದಂಬರಿಗೆ ಮೂರು ವರ್ಷದ ವಿಳಂಬ ಸಹ್ಯ. ಬಾಹ್ಯಾಕಾಶದ ಬಗ್ಗೆ ಮಕ್ಕಳಿಗೆ ಬರೆದ ಪುಸ್ತಕ ಕಪಾಟಿಗೆ ಬರುವ ಹೊತ್ತಿಗೇ ಅರ್ಧ ಮುದಿಯಾಗಿರುತ್ತದೆ.

ಎರಡನೆಯ ತೊಡಕು ದರದ್ದು. ಸಗಟು ಖರೀದಿಯಲ್ಲಿ ಬೆಲೆ ನಿರ್ಧಾರವಾಗುವುದು ಮುಖ್ಯವಾಗಿ ಪುಟಗಳ ಲೆಕ್ಕದಲ್ಲಿ. ಮಕ್ಕಳ ಮಾಹಿತಿ ಪುಸ್ತಕದ ಖರ್ಚು ಪುಟಗಳಲ್ಲಿಲ್ಲ, ಚಿತ್ರಕಾರನಲ್ಲಿದೆ, ಬಣ್ಣದಲ್ಲಿದೆ, ವಿಷಯ ತಜ್ಞನಿಂದ ಮಾಡಿಸಬೇಕಾದ ಪರಿಶೀಲನೆಯಲ್ಲಿದೆ. ಮೂವತ್ತೆರಡು ಪುಟದ ಒಂದು ಒಳ್ಳೆಯ ಪುಸ್ತಕಕ್ಕೆ ಮುನ್ನೂರು ಪುಟದ ಕಾದಂಬರಿಗಿಂತ ಹೆಚ್ಚಿನ ದುಡಿಮೆ ಬೇಕಾಗಬಹುದು. ಪುಟದ ತಕ್ಕಡಿಯಲ್ಲಿ ತೂಗಿದರೆ ಅದು ಹಗುರ. ಪ್ರಕಾಶಕನಾದವನು ಆಗ ಏನು ಮಾಡುತ್ತಾನೆ? ಹಕ್ಕುಸ್ವಾಮ್ಯ ಮುಗಿದ ನೀತಿಕತೆಗಳನ್ನೂ ಮಹಾಪುರುಷರ ಜೀವನಚರಿತ್ರೆಗಳನ್ನೂ ಕಪ್ಪು-ಬಿಳುಪಿನಲ್ಲಿ ಅಚ್ಚು ಹಾಕುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಮೂರನೆಯದು ಬರಿಯ ಗುಣಾಕಾರ-ಭಾಗಾಕಾರ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ ಐದೂವರೆ ಸಾವಿರಕ್ಕಿಂತ ಹೆಚ್ಚು. ಸಗಟು ಖರೀದಿಯ 300 ಪ್ರತಿಗಳನ್ನು ನಗರ ಹಾಗೂ ಜಿಲ್ಲಾ ಕೇಂದ್ರ ಗ್ರಂಥಾಲಯಗಳಿಗೆ ಒಂದನ್ನೂ ಕೊಡದೆ ಪೂರ್ತಿಯಾಗಿ ಹಳ್ಳಿಗಳಿಗೇ ಹಂಚಿದರೂ ಹದಿನೆಂಟು ಪಂಚಾಯಿತಿಗಳಿಗೆ ಒಂದು ಪ್ರತಿ. ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿರುವ ಪುಸ್ತಕಕ್ಕಾಗಿ ಜಿಲ್ಲೆಯ ದಕ್ಷಿಣದ ತುದಿಯಲ್ಲಿರುವ ಭಟ್ಕಳದ ಮಗು ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಬೇಕಾಗುತ್ತದೆ.

2019ರ ನಂತರ

ಈ ಚಿತ್ರ ಕಳೆದ ಕೆಲವು ವರ್ಷಗಳಲ್ಲಿ ಬದಲಾಗಿದೆ ಎಂಬುದನ್ನೂ ಹೇಳಬೇಕು. 2019ರಲ್ಲಿ ರಾಜ್ಯ ಸರಕಾರ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಿಸಿತು. ಗೌರವಧನದ ಮೇಲೆ ದಿನಕ್ಕೆ ಕೆಲವೇ ತಾಸು ಬಾಗಿಲು ತೆರೆಯುತ್ತಿದ್ದ, ವೃತ್ತಪತ್ರಿಕೆ ಓದುವ ಕೋಣೆಯಷ್ಟೇ ಆಗಿದ್ದ ಅನೇಕ ಗ್ರಂಥಾಲಯಗಳು ಪಂಚಾಯಿತಿಯ ನೇರ ಹೊಣೆಗೆ ಬಂದವು. ಅವುಗಳಿಗೆ ಈಗಿರುವ ಹೆಸರು ಅರಿವು ಕೇಂದ್ರ.

ಮರುವರ್ಷ ಕೊರೊನಾ ಬಂದು ಶಾಲೆಗಳು ಮುಚ್ಚಿದವು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಇದಕ್ಕೆ ಮೊದಲು ಮಗುವೊಂದು ಗ್ರಂಥಾಲಯದೊಳಗೆ ಬಂದರೆ ಗದ್ದಲ ಮಾಡಬೇಡವೆಂಬ ಗದರಿಕೆಯೇ ಸ್ವಾಗತವಾಗಿದ್ದ ಊರುಗಳು ಕಡಿಮೆಯಿರಲಿಲ್ಲ. ಮಕ್ಕಳು ಬಂದ ಮೇಲೆ ಅವರಿಗೆ ತಕ್ಕ ಪುಸ್ತಕವಿಲ್ಲ ಎಂಬುದು ಎಲ್ಲರ ಕಣ್ಣಿಗೂ ಬಿದ್ದಿತು. 'ಪುಸ್ತಕ ಜೋಳಿಗೆ' ಹಿಡಿದು ದಾನಿಗಳಿಂದ ಪುಸ್ತಕ ಸಂಗ್ರಹಿಸುವ ಕೆಲಸವೂ ನಡೆಯಿತು.

ದಾನದ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು, ದಾನಿಗಳು ತಪ್ಪು ತಿಳಿಯಬಾರದು. ಮನೆಯಿಂದ ಹೊರಬೀಳುವ ಪುಸ್ತಕ ಬಹುತೇಕ ಮನೆಗೆ ಬೇಡವಾದ ಪುಸ್ತಕ. ಹಳೆಯ ಪಠ್ಯಕ್ರಮದ ಮಾರ್ಗದರ್ಶಿಗಳು, ಕಳೆದ ದಶಕದ ಸಾಮಾನ್ಯ ಜ್ಞಾನ, ನಗರದ ಮಕ್ಕಳು ಓದಿ ಮುಗಿಸಿದ ಇಂಗ್ಲಿಷ್ ಚಿತ್ರಪುಸ್ತಕಗಳು. ಕತೆಯ ಕಪಾಟು ದಾನದಿಂದ ತುಂಬಬಹುದು. ಮಾಹಿತಿಯ ಕಪಾಟು ದಾನದಿಂದ ತುಂಬಿದರೆ ಅಲ್ಲಿ ಪ್ಲೂಟೊ ಇನ್ನೂ ಗ್ರಹವಾಗಿಯೇ ಇರುತ್ತದೆ.

ದಾನಕ್ಕೂ ಸಗಟು ಖರೀದಿಗೂ ಹೊರತಾದ ಮೂರನೆಯ ದಾರಿಯೊಂದು ಬೆಂಗಳೂರಿನಿಂದಲೇ ತೆರೆದುಕೊಂಡಿದೆ. 2004ರಲ್ಲಿ ಸ್ಥಾಪನೆಯಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಅಂತರ್ಜಾಲ ತಾಣವನ್ನು ಆರಂಭಿಸಿತು. ಅಲ್ಲಿರುವ ಮಕ್ಕಳ ಪುಸ್ತಕಗಳು ಮುಕ್ತ ಪರವಾನಗಿಯವು: ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಮೂಲದವರ ಹೆಸರು ಉಳಿಸಿಕೊಂಡು ಮುದ್ರಿಸಲೂಬಹುದು. ಕತೆಗಳೊಂದಿಗೆ ಹುಳು-ಹುಪ್ಪಟೆ, ಹವಾಮಾನ, ದೇಹ, ಲೆಕ್ಕ ಮುಂತಾದವುಗಳ ಮೇಲಿನ ಪುಸ್ತಕಗಳೂ ಕನ್ನಡದಲ್ಲಿವೆ, ಓದುವ ಸಾಮರ್ಥ್ಯಕ್ಕೆ ಅನುಗುಣವಾಗಿ ನಾಲ್ಕು ಹಂತಗಳಲ್ಲಿವೆ. ಮನೆಯಲ್ಲಿ ಕೊಂಕಣಿ, ನವಾಯತಿ, ಉರ್ದು ಮಾತನಾಡುವ ಮಕ್ಕಳೂ ಇರುವ ಭಟ್ಕಳದಂತಹ ತಾಲ್ಲೂಕಿನಲ್ಲಿ ಹಂತಗಳ ಈ ವಿಂಗಡಣೆ ಬಹಳ ಉಪಯುಕ್ತ. ವಯಸ್ಸು ಹನ್ನೊಂದಾದರೂ ಕನ್ನಡ ಓದುವ ಬಲ ಏಳರದ್ದಿರಬಹುದು. ಅಂತಹ ಮಗುವಿಗೆ ಶಿಶುಗೀತೆ ಕೊಟ್ಟರೆ ಅವಮಾನ. ಸರಳ ವಾಕ್ಯಗಳಲ್ಲಿ ತಿಮಿಂಗಿಲದ ವಿಷಯ ಹೇಳುವ ಪುಸ್ತಕ ಕೊಟ್ಟರೆ ಓದು ತಾನಾಗಿ ಬರುತ್ತದೆ.

ಮೊಬೈಲಿನಲ್ಲಿ ಓದಿದರಾಯಿತಲ್ಲ ಎನ್ನುವವರಿಗೆ ಉತ್ತರ ಮಳೆಗಾಲದ್ದೇ. ವಿದ್ಯುತ್ತೂ ಸಂಕೇತವೂ ಒಟ್ಟಿಗೆ ಕೈಕೊಡುವ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಕಪಾಟಿನಲ್ಲಿರುವ ಕಾಗದವೇ ಗತಿ.

ಯಾರು ಆರಿಸಬೇಕು, ಏನನ್ನು ನೋಡಬೇಕು

ಪಂಚಾಯಿತಿಯೇ ಪುಸ್ತಕ ಕೊಳ್ಳುವ ಅವಕಾಶ ಬಂದಾಗ ಅಪಾಯವೂ ಜೊತೆಗೇ ಬರುತ್ತದೆ. ಮಾರಾಟಗಾರ ತಂದ ಕಟ್ಟನ್ನು ಬಿಚ್ಚದೆ ಒಪ್ಪಿಕೊಳ್ಳುವುದು ಸುಲಭ. ತಿಳಿದವರೊಬ್ಬರು ಹತ್ತು ನಿಮಿಷ ಕೊಟ್ಟರೆ ಕಾಳು-ಜೊಳ್ಳು ಬೇರೆ ಮಾಡಬಹುದು. ಮೊದಲು ನೋಡಬೇಕಾದದ್ದು ಶೀರ್ಷಿಕೆಯ ಹಿಂಬದಿಯ ಪುಟ: ಮೊದಲ ಮುದ್ರಣ ಯಾವಾಗ, ಪರಿಷ್ಕರಣ ಆಗಿದೆಯೇ, ಇಲ್ಲವೇ ಮರುಮುದ್ರಣ ಮಾತ್ರವೇ? ಮರುಮುದ್ರಣವೆಂದರೆ ಹಳೆಯ ಮಾಹಿತಿಗೆ ಹೊಸ ಹೊದಿಕೆ. ಆಮೇಲೆ ಕೊನೆಯ ಪುಟಗಳು. ವಿಷಯಸೂಚಿ ಇದ್ದರೆ ಮಗು ತನಗೆ ಬೇಕಾದ ಒಂದು ಸಂಗತಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಇದು ದುರ್ಲಭವಾಗಿರುವುದು ವಿಷಾದದ ಸಂಗತಿ. ಚಿತ್ರದಲ್ಲಿ ಭಾಗಗಳ ಹೆಸರು ಬರೆದಿದೆಯೇ, ಇರುವೆಯನ್ನೂ ಆನೆಯನ್ನೂ ಒಂದೇ ಅಳತೆಯಲ್ಲಿ ತೋರಿಸಿ ಸುಮ್ಮನಾಗಿದ್ದಾರೆಯೇ ಎಂಬುದೂ ಮುಖ್ಯ. ಅನುವಾದವಾದರೆ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಉಸಿರು ಕಟ್ಟಿದರೆ ಮಕ್ಕಳು ಆ ಪುಸ್ತಕ ಮುಟ್ಟುವುದಿಲ್ಲ.

ಇನ್ನೊಂದು ಕೊರತೆಯನ್ನು ಆಯ್ಕೆಯಿಂದ ನೀಗಲಾಗದು, ಏಕೆಂದರೆ ಆರಿಸಲು ಪುಸ್ತಕವೇ ಸಾಲದು. ಅದು ಊರಿನ ಸುತ್ತಣ ಲೋಕ. ಕನ್ನಡದ ಮಗುವಿಗೆ ಪೆಂಗ್ವಿನ್ ಹಕ್ಕಿಯ ಬಗ್ಗೆ ಓದಲು ಸಿಗುವಷ್ಟು ಸುಲಭವಾಗಿ ನೇತ್ರಾಣಿ ದ್ವೀಪದ ಸುತ್ತಲಿನ ಹವಳದ ಬಗ್ಗೆ ಸಿಗುವುದಿಲ್ಲ. ಮುರುಡೇಶ್ವರದ ದಡದಿಂದ ದೋಣಿಯಲ್ಲಿ ಹೋಗಿ ಪ್ರವಾಸಿಗರು ಅದನ್ನು ನೋಡಿಬರುತ್ತಾರೆ. ದಡದ ಮಕ್ಕಳಿಗೆ ಹವಳ ಪ್ರಾಣಿಯೋ ಕಲ್ಲೋ ತಿಳಿಯದು. ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆ, ಅಘನಾಶಿನಿಯ ಬಳಚು, ಕುಮಟಾದ ಗಜನಿ ಗದ್ದೆಗಳ ಉಪ್ಪುನೀರು ತಾಳುವ ಕಗ್ಗ ಭತ್ತ, ಸಾಣಿಕಟ್ಟಾದ ಉಪ್ಪು, ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದ ಮೆಣಸಿನ ವ್ಯಾಪಾರ, 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗಕ್ಕಾಗಿ ಗುಡ್ಡ ಕೊರೆದ ಬಗೆ, ಇವು ಒಂದೊಂದೂ ಒಂದೊಂದು ಪುಸ್ತಕ. ಬರೆಯಬಲ್ಲ ಶಿಕ್ಷಕರು, ವಿಜ್ಞಾನಿಗಳು, ಚಿತ್ರಕಾರರು ಜಿಲ್ಲೆಯಲ್ಲಿ ಇಲ್ಲದಿಲ್ಲ. ಮುನ್ನೂರು ಪ್ರತಿಯ ಲೆಕ್ಕದಲ್ಲಿ ಇಂತಹ ಪುಸ್ತಕ ಯಾವ ಪ್ರಕಾಶಕನಿಗೂ ಗಿಟ್ಟುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಪಂಚಾಯಿತಿಗಳು ಒಂದೊಂದು ಪುಸ್ತಕದ ಐದೈದು ಪ್ರತಿ ಕೊಳ್ಳುವುದಾಗಿ ಮೊದಲೇ ಒಪ್ಪಿಕೊಂಡರೆ ಲೆಕ್ಕ ಬೇರೆಯಾಗುತ್ತದೆ. ಉಪಕರದ ಹಣಕ್ಕೆ ಇದಕ್ಕಿಂತ ತಕ್ಕ ವೆಚ್ಚ ತೋರುವುದಿಲ್ಲ.

ಕೇಂದ್ರದ ನೆರವೂ ಉಂಟು. 1972ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು ರಾಜ್ಯಗಳ ಪಾಲಿನೊಂದಿಗೆ ತನ್ನ ಪಾಲನ್ನೂ ಸೇರಿಸಿ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಒದಗಿಸುತ್ತದೆ. ಮಕ್ಕಳ ವಿಭಾಗಗಳಿಗೆ ಸಹಾಯ ಮಾಡುವ ಯೋಜನೆಯನ್ನೂ ಹೊಂದಿದೆ. ಆದರೆ ಕೇಳಿದವರಿಗೆ ಮಾತ್ರ ದೊರೆಯುವ ನೆರವು ಇದು.

ಕೇಳುವ ಜಾಗ ಮಕ್ಕಳಿಗೂ ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂಬ ಸೂಚನೆ ರಾಜ್ಯದಲ್ಲಿ 2006ರಿಂದ ಜಾರಿಯಲ್ಲಿದೆ. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ನಡೆಯುವ ಈ ಸಭೆಗಳಲ್ಲಿ ಶೌಚಾಲಯ, ಆಟದ ಮೈದಾನ, ಬಸ್ಸು, ಬೀದಿದೀಪದ ಬೇಡಿಕೆಗಳು ಬರುತ್ತವೆ. ಗ್ರಂಥಾಲಯಕ್ಕೆ ಇಂತಿಂಥ ವಿಷಯದ ಪುಸ್ತಕ ಬೇಕೆಂದು ಮಗುವೊಂದು ಎದ್ದು ನಿಂತು ಕೇಳಿದರೆ ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಬೇಕಾಗುತ್ತದೆ ಮತ್ತು ಮುಂದಿನ ವರ್ಷದ ಸಭೆಯಲ್ಲಿ ಅದಕ್ಕೇನಾಯಿತು ಎಂದು ಪಂಚಾಯಿತಿ ಹೇಳಬೇಕಾಗುತ್ತದೆ.